ಅನ್ನ ಹಾಕಿದವರ ಹೊಣೆ



ನಾನು 31 ವರ್ಷ ಹಳ್ಳಿಗಳ ದನದ ದವಾಖಾನೆಗಳಲ್ಲಿ ಪಶುವೈದ್ಯನಾಗಿ ದುಡಿದು ನಿವೃತ್ತನಾದವನು. ಈಗ ಉತ್ತರ ಕರ್ನಾಟಕದ ಒಂದು ನಗರದ ಹೊಸ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನಮ್ಮ ಮನೆಯ ಗೇಟಿನ ಮುಂದೆ ಒಂದು ಕಪ್ಪು ನಾಯಿ ಮಲಗುತ್ತದೆ. ಅದಕ್ಕೆ ಕರಿಯಾ ಎಂದು ಹೆಸರಿಟ್ಟವನು ನಾನೇ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ರಾತ್ರಿ ಉಳಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅದರ ಮುಂದಿಡುವುದು ನನ್ನ ರೂಢಿ. ಒಂದು ಜೀವಕ್ಕೆ ಅನ್ನವಿಟ್ಟ ಸಮಾಧಾನದಲ್ಲಿ ನನ್ನ ಚಹಾ ಇನ್ನಷ್ಟು ರುಚಿಯಾಗುತ್ತಿತ್ತು.

ಕಳೆದ ಕಾರ್ತಿಕದ ಒಂದು ಬೆಳಿಗ್ಗೆ ನಮ್ಮ ರಸ್ತೆಯ ಕೊನೆಯಲ್ಲಿ ಕಟ್ಟುತ್ತಿರುವ ಮನೆಯ ತಗಡಿನ ಶೆಡ್ಡಿನಲ್ಲಿ ವಾಸವಿರುವ ಹೆಣ್ಣುಮಗಳು ಏಳು ವರ್ಷದ ಮಗನನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಹಾಲಿನ ಪಾಕೀಟು ತರಲು ಹೋದ ಹುಡುಗನ ಮೀನಖಂಡಕ್ಕೆ ನಾಯಿ ಕಚ್ಚಿತ್ತು. ಗಾಯದ ಮೇಲೆ ಖಾರದ ಪುಡಿ ಹಚ್ಚಿದ್ದರು.

“ಎಪ್ಪಾ, ನಿಮ್ಮ ಕರಿಯಾ ಕಡದೈತ್ರಿ” ಎಂದಳು.

“ಅದು ನಮ್ಮ ನಾಯಿ ಅಲ್ಲವ್ವಾ, ಓಣಿ ನಾಯಿ” ಎಂದುಬಿಟ್ಟೆ.

“ಹೆಸರ ಇಟ್ಟವರು ನೀವ ಅಲ್ಲರೀ?” ಎಂದಳು. ಜಗಳದ ದನಿಯಲ್ಲಿ ಅಲ್ಲ, ಗೊತ್ತಿಲ್ಲದವರು ಕೇಳುವಂತೆ ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಗರದಲ್ಲಿ ಪ್ರಾಣಿಗಳನ್ನು ಸಾಕುವ ನಿಯಮಗಳ ಬಗ್ಗೆ ಈಗ ಎಲ್ಲೆಡೆ ಮಾತು ನಡೆದಿದೆ. ಆ ಮಾತಿನೊಳಗೆ ಈ ತಾಯಿಯ ಪ್ರಶ್ನೆಯೂ ಸೇರಬೇಕು ಎಂಬ ಕಾರಣಕ್ಕೆ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಆ ದಿನ ಮಾಡಿದ್ದನ್ನು ಹೇಳುತ್ತೇನೆ, ಓದುಗರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂದೀತು. ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದೆವು. ಖಾರದ ಪುಡಿ, ಸುಣ್ಣ, ಅರಿಸಿನ, ಸೊಪ್ಪಿನ ರಸ ಯಾವುದನ್ನೂ ನಾಯಿ ಕಚ್ಚಿದ ಗಾಯಕ್ಕೆ ಹಚ್ಚಬಾರದು. ಆಮೇಲೆ ಆಸ್ಪತ್ರೆಗೆ ಓಡಿದೆವು. ಮೊದಲು ಹೋದ ಕಡೆ ಲಸಿಕೆ ಇತ್ತು, ಆದರೆ ಆಳವಾದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡಬೇಕಾದ ಇಮ್ಯುನೊಗ್ಲೋಬ್ಯುಲಿನ್ ಇರಲಿಲ್ಲ. ಅದು ಸಿಕ್ಕಿದ್ದು ಮಧ್ಯಾಹ್ನ, ಇನ್ನೊಂದು ಆಸ್ಪತ್ರೆಯಲ್ಲಿ. ಅದಾದ ಮೇಲೆ ಮೂರನೆಯ ದಿನ, ಏಳನೆಯ ದಿನ, 28ನೆಯ ದಿನ ಮತ್ತೆ ಸೂಜಿ. ತಾಯಿಗೆ ನಾಲ್ಕು ದಿನದ ಕೂಲಿ ಹೋಯಿತು.

ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು. ಕಚ್ಚುವಾಗಲೇ ಅದರ ಜೊಲ್ಲಿನಲ್ಲಿ ರೋಗಾಣು ಇದ್ದಿದ್ದರೆ ಆ 10 ದಿನದೊಳಗೆ ನಾಯಿಯಲ್ಲಿ ರೋಗ ಕಾಣಿಸುತ್ತದೆ, ಅದು ಸಾಯುತ್ತದೆ. ಹಾಗೆಂದು ಲಸಿಕೆಯನ್ನು ಕಾಯಿಸುವಂತಿಲ್ಲ. ಅದನ್ನು ಮೊದಲ ದಿನವೇ ಆರಂಭಿಸಬೇಕು. ಆ 10 ದಿನ ನಾನು ರಾತ್ರಿ ಎರಡೆರಡು ಸಲ ಎದ್ದು ಬ್ಯಾಟರಿ ಹಿಡಿದು ಗೇಟಿನ ಹತ್ತಿರ ಹೋಗುತ್ತಿದ್ದೆ. ಕರಿಯಾ ನೀರು ಕುಡಿಯಿತೇ, ದನಿ ಬದಲಾಯಿತೇ, ಹಿಂಗಾಲು ಎಳೆಯುತ್ತಿದೆಯೇ ಎಂದು ನೋಡುತ್ತಿದ್ದೆ. ನಾನು ಸೇವೆಯಲ್ಲಿದ್ದಾಗ ಹುಚ್ಚುನಾಯಿ ಕಚ್ಚಿದ ಎಮ್ಮೆಯೊಂದು ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಕೂಗಿ ಕೂಗಿ ಸತ್ತದ್ದನ್ನು ನೋಡಿದ್ದೇನೆ. ಅದೇ ಊರಿನಲ್ಲಿ ಅದೇ ನಾಯಿ ಕಚ್ಚಿದ ದನಗಾಹಿಯೊಬ್ಬ ಮಂತ್ರ ಹಾಕಿಸಿಕೊಂಡು ಸುಮ್ಮನಿದ್ದ. ಆರು ವಾರದ ನಂತರ ನೀರಿನ ತಂಬಿಗೆ ಕಂಡರೆ ಗಂಟಲು ಬಿಗಿದುಕೊಳ್ಳುತ್ತಿತ್ತು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆತನೂ ಬದುಕಲಿಲ್ಲ.

ಇದೆಲ್ಲ ಗೊತ್ತಿದ್ದ ನಾನು, ಮೂರು ವರ್ಷ ಕರಿಯಾನಿಗೆ ರೊಟ್ಟಿ ಹಾಕಿದ ನಾನು, ಒಂದು ದಿನವೂ ಅದಕ್ಕೆ ಲಸಿಕೆ ಹಾಕಿಸಿರಲಿಲ್ಲ. ಲಸಿಕೆ ದುಬಾರಿಯಲ್ಲ, ದವಾಖಾನೆ ದೂರವಿಲ್ಲ, ಸೂಜಿ ಹಿಡಿಯುವುದು ನನಗೆ ಹೊಸದೂ ಅಲ್ಲ. ‘ಅದು ನಮ್ಮ ನಾಯಿ ಅಲ್ಲ’ ಎಂಬ ಒಂದು ಮಾತಿನ ಹಿಂದೆ ಅಡಗಿಕೊಂಡಿದ್ದೆ, ಅಷ್ಟೆ.

ಹದಿನೈದು ದಿನದ ನಂತರ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆ ಕರೆದರು. ಎರಡು ಗುಂಪುಗಳಾದವು. ಒಂದು ಗುಂಪು ಎಲ್ಲ ಬೀದಿನಾಯಿಗಳನ್ನು ಹಿಡಿಸಿ ಎಲ್ಲಿಗಾದರೂ ಸಾಗಿಸಬೇಕು, ಮನೆಯಲ್ಲಿ ನಾಯಿ ಸಾಕುವುದನ್ನೂ ನಿಲ್ಲಿಸಬೇಕು ಎಂದಿತು. ಇನ್ನೊಂದು ಗುಂಪು ಮೂಕಪ್ರಾಣಿಗಳಿಗೆ ಅನ್ನ ಹಾಕುವವರನ್ನು ತಡೆಯಲು ನೀವು ಯಾರು ಎಂದಿತು. ಎರಡು ತಾಸು ಮಾತಾಯಿತು. ಮೊದಲ ಗುಂಪಿನವರಿಗೆ ನಾಯಿ ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು, ಎರಡನೆಯವರಿಗೆ ಅನ್ನ ಹಾಕುವ ಸುಖ ಕೈತಪ್ಪದಿದ್ದರೆ ಸಾಕಾಗಿತ್ತು. ಕಚ್ಚಿಸಿಕೊಂಡ ಹುಡುಗನ ತಾಯಿ ಸಭೆಯಲ್ಲಿ ಇರಲಿಲ್ಲ. ಅವಳು ಸಂಘದ ಸದಸ್ಯೆಯಲ್ಲ, ನಿವೇಶನದ ಒಡತಿಯಲ್ಲ. ಬೆಳಗಿನ ಜಾವ ಐದಕ್ಕೆ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆ ಇರಲಿಲ್ಲ. ಪೇಪರ್ ಹಾಕುವ ಹುಡುಗ ಇರಲಿಲ್ಲ. ನಾಯಿ ಬೆನ್ನಟ್ಟುವುದು ಕಾರಿನಲ್ಲಿ ಕುಳಿತವರನ್ನಲ್ಲ, ಇವರನ್ನು.

ಸಭೆಯಲ್ಲಿ ಯಾರಿಗೂ ಕಾನೂನು ಏನು ಹೇಳುತ್ತದೆಂಬುದು ಸರಿಯಾಗಿ ಗೊತ್ತಿರಲಿಲ್ಲ. ನನಗೂ ಅರ್ಧ ಮಾತ್ರ ಗೊತ್ತಿತ್ತು. ಆಮೇಲೆ ಕುಳಿತು ಓದಿಕೊಂಡೆ. ಓದಿದ್ದನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟುಬಿಡುವುದು ಅದರ ಪ್ರಕಾರ ಅಪರಾಧ. ಆದರೆ ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ! ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಇಂದು ಹತ್ತಾರು ಸಾವಿರ ಕೊಟ್ಟು ಜಾತಿನಾಯಿ ತಂದು, ಅದಕ್ಕೆ ಚರ್ಮರೋಗ ಬಂದ ಕೂಡಲೇ ಹೊರವರ್ತುಲ ರಸ್ತೆಯಲ್ಲಿ ಇಳಿಸಿ ಹೋಗುವವರಿಗೆ ಆ ದಂಡ ಒಂದು ಚಹಾದ ಖರ್ಚು. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದರೆ, ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಬೀದಿನಾಯಿಗಳ ವಿಷಯಕ್ಕೆ ಬೇರೆ ನಿಯಮಗಳಿವೆ. ಹಿಂದೆ ಊರಾಡಳಿತಗಳು ನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದವು. ಎಷ್ಟು ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಕಸದ ರಾಶಿ ಹಾಗೇ ಇರುವವರೆಗೆ, ಒಂದು ಓಣಿ ಖಾಲಿಯಾದರೆ ಪಕ್ಕದ ಓಣಿಯ ನಾಯಿ ಅಲ್ಲಿಗೆ ಬರುತ್ತದೆ. 2001ರಲ್ಲಿ, ಆಮೇಲೆ ಪರಿಷ್ಕರಿಸಿ 2023ರಲ್ಲಿ ಬಂದ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದನ್ನು ಮಾಡಿಸುವ ಹೊಣೆ ಸ್ಥಳೀಯ ಆಡಳಿತದ್ದು. ಸಾಕುನಾಯಿಯ ಲಸಿಕೆಯ ಹೊಣೆ ಅದರ ಒಡೆಯರದ್ದು. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಬಿದ್ದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಅನ್ನ ಹಾಕುವುದಕ್ಕೂ 2023ರ ನಿಯಮಗಳಲ್ಲಿ ಜಾಗವಿದೆ. ನಿವಾಸಿಗಳ ಸಂಘವೇ ಸ್ಥಳ ಗೊತ್ತು ಮಾಡಬೇಕು. ಅದು ಮಕ್ಕಳು ಆಡುವ ಜಾಗ, ಮೆಟ್ಟಿಲು, ಕಟ್ಟಡದ ಬಾಗಿಲುಗಳಿಂದ ದೂರವಿರಬೇಕು. ಮಕ್ಕಳು, ಮುದುಕರು ಓಡಾಡುವ ಹೊತ್ತನ್ನು ಬಿಟ್ಟು ಸಮಯ ನಿಗದಿ ಮಾಡಬೇಕು. ಉಳಿದದ್ದನ್ನು ಬಳಿದು ತೆಗೆಯಬೇಕು. ನಾನು ಹಾಕುತ್ತಿದ್ದದ್ದು ಗೇಟಿನ ಮುಂದೆ, ಬೆಳಿಗ್ಗೆ ಏಳಕ್ಕೆ, ಶಾಲೆಯ ಮಕ್ಕಳು ಹಾಯುವ ಹೊತ್ತಿಗೆ. ತನ್ನ ಅನ್ನದ ಜಾಗವನ್ನು ಕಾಯುವುದು ನಾಯಿಯ ಹುಟ್ಟುಗುಣ. ಆ ಹುಡುಗ ಹಾಲಿನ ಪಾಕೀಟು ಹಿಡಿದು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಹಾದದ್ದು. ಆ ಜಾಗವನ್ನೂ ಹೊತ್ತನ್ನೂ ಗೊತ್ತುಮಾಡಿದವನು ನಾನು. ಕರಿಯಾ ತನಗೆ ತಿಳಿದ ಧರ್ಮ ಮಾಡಿತು.

ಕಳೆದ 2025ರಲ್ಲಿ ಸುಪ್ರೀಂ ಕೋರ್ಟಿನ ಮೂರು ಆದೇಶಗಳು ಬಂದವು. ಆಗಸ್ಟ್ 11ರಂದು ದೆಹಲಿ ಪ್ರದೇಶದ ಎಲ್ಲ ಬೀದಿನಾಯಿಗಳನ್ನು ಆಶ್ರಯ ಕೇಂದ್ರಗಳಿಗೆ ಸಾಗಿಸಲು ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ಬದಲಿಸಿ, ಹುಚ್ಚು ಹಿಡಿದ ಮತ್ತು ಮೇಲೆ ಬೀಳುವ ಸ್ವಭಾವದ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಅಲ್ಲೇ ಬಿಡಬೇಕು, ಅನ್ನವನ್ನು ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಹಾಕಬೇಕು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು, ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆಗೆಯಬೇಕು ಎಂಬ ಆದೇಶ ಬಂತು. ಒಂದೇ ವರ್ಷದಲ್ಲಿ ಇಷ್ಟು ಸಲ ನ್ಯಾಯಾಲಯ ಬಾಯಿ ಬಿಡಬೇಕಾಯಿತು ಎಂದರೆ, ಕೆಳಗೆ ಓಣಿಯಲ್ಲಿ ಆಗಬೇಕಾದ ಕೆಲಸ ಆಗಿಲ್ಲ ಎಂದೇ ಅರ್ಥ.

ನಮ್ಮ ರಾಜ್ಯದ ಅನುಭವವನ್ನೂ ನೋಡೋಣ. 2018ರಲ್ಲಿ ಬೆಂಗಳೂರಿನಲ್ಲಿ ಸಾಕುನಾಯಿಗಳ ಪರವಾನಗಿಗೆ ಹೊಸ ಉಪವಿಧಿ ಹೊರಟಿತ್ತು. ಫ್ಲ್ಯಾಟಿಗೆ ಒಂದು ನಾಯಿ, ಸ್ವಂತ ಮನೆಗೆ ಮೂರು ಎಂದು ಲೆಕ್ಕ ಹಾಕಿದ್ದರು. ಜನ ವಿರೋಧಿಸಿದರು, ಅದು ಹಿಂದೆ ಸರಿಯಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಯ ನಾಯಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ನಿವಾಸಿಗಳ ಸಂಘಗಳು ಬಹುಮತದಿಂದ ಕೂಡ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೂ ನಿಷೇಧದ ಬೋರ್ಡುಗಳು ಇಂದಿಗೂ ತೂಗಾಡುತ್ತಿವೆ.

ಇನ್ನೊಂದು ಕಡೆ, ಬೆಂಗಳೂರಿನಲ್ಲಿ 2019ರ ಎಣಿಕೆಯಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರ ಎಣಿಕೆಯಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದವು. ಇಳಿಕೆ ದೊಡ್ಡದಲ್ಲ. ಆದರೆ ಕೊಲ್ಲದೆಯೂ ಸಂಖ್ಯೆ ಏರದಂತೆ ತಡೆಯಬಹುದು ಎಂಬುದಕ್ಕೆ ಅಷ್ಟಾದರೂ ಸಾಕ್ಷಿ ಇದೆ. ಸದ್ದಿಲ್ಲದೆ ವರ್ಷಗಟ್ಟಲೆ ನಡೆಯುವ ಚಿಕಿತ್ಸೆ, ಲಸಿಕೆಯ ಕೆಲಸ ಫಲ ಕೊಡುತ್ತದೆ. ನಿಷೇಧದ ಕಾಗದ ಸದ್ದು ಮಾಡಿ ಬಿದ್ದುಹೋಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾವು ದಾಸೋಹದ ಪರಂಪರೆಯವರು. ಹಸಿದ ಜೀವಕ್ಕೆ ಅನ್ನವಿಡಬೇಡಿ ಎಂದು ಯಾರಾದರೂ ಹೇಳಿದರೆ ನಮ್ಮ ಮನಸ್ಸು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ದಾಸೋಹ ಎಂದರೆ ಎಸೆದು ಹೋಗುವುದಲ್ಲವಲ್ಲ. ಮಠದ ಪ್ರಸಾದ ನಿಲಯಕ್ಕೆ ಬಂದ ಹುಡುಗನಿಗೆ ಊಟ ಹಾಕಿ, ಅವನಿಗೆ ಜ್ವರ ಬಂದಾಗ ‘ಇವನು ನಮ್ಮ ಹುಡುಗ ಅಲ್ಲ’ ಎಂದು ಯಾವ ಪೂಜ್ಯರೂ ಹೇಳಿದ್ದನ್ನು ನಾನು ಕಾಣೆ. ಅನ್ನ ಹಾಕಿದ ಗಳಿಗೆಗೆ ಸಂಬಂಧ ಶುರುವಾಗುತ್ತದೆ. ಆ ಸಂಬಂಧದ ಸುಖ ನನಗೆ, ಅದರ ಹಲ್ಲು ಮಾತ್ರ ಕೂಲಿಯವಳ ಮಗನಿಗೆ ಎಂದಾದರೆ ಅದನ್ನು ದಯೆ ಎಂದು ಕರೆಯಲು ನನಗೆ ನಾಚಿಕೆಯಾಗುತ್ತದೆ.

ಅನ್ನ ಹಾಕುವವರು ಲಸಿಕೆಗೆ, ನಾಯಿ ಹಿಡಿಯುವುದಕ್ಕೆ ಕೈಜೋಡಿಸಬಹುದು ಎಂದು 2023ರ ನಿಯಮ ಹೇಳುತ್ತದೆ. ಅದು ಇಷ್ಟವಿದ್ದವರಿಗೆ ಕೊಟ್ಟ ಅವಕಾಶ. ನನ್ನ ಅಭಿಪ್ರಾಯದಲ್ಲಿ ಅದು ಕರ್ತವ್ಯವಾಗಬೇಕು. ದಿನಾ ಅನ್ನ ಹಾಕುವ ನಾಯಿಗೆ ಲಸಿಕೆ ಬಿದ್ದಿದೆಯೇ, ಚಿಕಿತ್ಸೆಯಾಗಿದೆಯೇ ಎಂದು ನೋಡುವುದು ಅನ್ನ ಹಾಕಿದವರ ಹೊಣೆ. ನಾಯಿ ಹಿಡಿಯುವ ಗಾಡಿ ಬಂದಾಗ ಅದನ್ನು ಬಚ್ಚಿಡುವುದಲ್ಲ, ಅದು ನಂಬುವ ಕೈಯಿಂದಲೇ ಹಿಡಿದುಕೊಡಬೇಕು.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ. ಇಷ್ಟು ಹೊಣೆ ಹೊರಿಸಿದರೆ ಯಾರೂ ಅನ್ನ ಹಾಕುವುದಿಲ್ಲ, ಹಸಿದ ನಾಯಿ ಇನ್ನೂ ಹೆಚ್ಚು ಕಚ್ಚುತ್ತದೆ ಎಂದು ನಮ್ಮ ಬಡಾವಣೆಯ ಒಬ್ಬ ಅಕ್ಕನವರು ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಹೊಣೆಯನ್ನು ಒಬ್ಬರ ತಲೆಗೆ ಕಟ್ಟದೆ ಹಂಚಿಕೊಳ್ಳಬೇಕು. ಅನ್ನ ಹಾಕುವವರು ನಾಯಿಯನ್ನು ಗುರುತಿಸಿ ಹಿಡಿದುಕೊಡಲಿ. ಲಸಿಕೆ, ಚಿಕಿತ್ಸೆಯ ಖರ್ಚು ಊರಾಡಳಿತದ್ದು. ಬೇಡವೆನ್ನುವವರು ಕಸವನ್ನು ಮುಚ್ಚಿದ ಡಬ್ಬಿಯಲ್ಲಿಡಲಿ. ಹೀಗಾದರೆ ಯಾರಿಗೂ ಭಾರವಾಗುವುದಿಲ್ಲ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಪತ್ರಿಕೆಯ ಓದುಗರಿಗೆ ನಾನು ಅರ್ಧ ಸತ್ಯ ಹೇಳಿದಂತೆ. ನಗರದ ಪ್ರಾಣಿ ನಿಯಮಗಳಲ್ಲೂ ಮೇಲು ಕೀಳಿನ ವಾಸನೆ ಇದೆ. ಅದೇ ಸಭೆಯಲ್ಲಿ ಲ್ಯಾಬ್ರಡಾರನ್ನು ‘ನಮ್ಮ ಮಗು’ ಎಂದರು. ಬೀದಿನಾಯಿಯನ್ನು ‘ಪಾಪ’ ಎಂದರು. ಆಕಳನ್ನು ‘ಗೋಮಾತೆ’ ಎಂದರು. ಹಂದಿಯ ಮಾತು ಬಂದಾಗ ಎಲ್ಲರೂ ಒಂದಾಗಿ ‘ಮೊದಲು ಅವನ್ನೂ ಅವರನ್ನೂ ಊರಾಚೆ ಹಾಕಿ’ ಎಂದರು. ‘ಅವರನ್ನೂ’ ಎಂಬ ಪದವನ್ನು ಗಮನಿಸಿ. ನಾಯಿಯ ವಿಷಯದಲ್ಲಿ ಒಡೆಯರನ್ನು ಬಿಟ್ಟು ಪ್ರಾಣಿಯ ಬಗ್ಗೆ ಮಾತನಾಡಿದವರು, ಹಂದಿಯ ವಿಷಯದಲ್ಲಿ ಪ್ರಾಣಿಯ ನೆಪದಲ್ಲಿ ಜನರ ಬಗ್ಗೆ ಮಾತನಾಡಿದರು.

ತೆರೆದ ಚರಂಡಿ, ಬಯಲು ಕಕ್ಕಸಿನ ಕಾಲದಲ್ಲಿ ನಮ್ಮ ಊರುಗಳ ಹೊಲಸನ್ನು ತಿಂದು ತೆಗೆದದ್ದು ಹಂದಿಗಳು. ಅವನ್ನು ಸಾಕಿದ ಕುಟುಂಬಗಳು ಊರಿನಿಂದ ಆ ಕೆಲಸ ಮಾಡಿಸಿಕೊಂಡೂ ಊರಿನಿಂದ ದೂರವೇ ಉಳಿದವು. ಈಗ ಒಳಚರಂಡಿ ಬಂತು, ಅವರು ಬೇಡವಾದರು. ಹಂದಿ ಊರ ನಡುವೆ ಇರಲಿ ಎಂದು ನಾನು ಹೇಳುತ್ತಿಲ್ಲ. ಮಿದುಳು ಜ್ವರದ ವೈರಸ್ಸು ಹಂದಿಯ ಮೈಯಲ್ಲಿ ಬೆಳೆದು ಸೊಳ್ಳೆಯ ಮೂಲಕ ಮಕ್ಕಳಿಗೆ ಬರುತ್ತದೆ ಎಂಬುದನ್ನು ಪಶುವೈದ್ಯನಾಗಿ ಬಲ್ಲೆ. ಅವು ವಸತಿಯಿಂದ ದೂರವೇ ಇರಬೇಕು. ಆದರೆ ದೂರ ಹೋಗಿ ಎನ್ನುವ ಮೊದಲು ದೂರದಲ್ಲಿ ಜಾಗ ಕೊಡಬೇಕಲ್ಲವೇ? ಕೊಟ್ಟಿಗೆ, ನೀರು, ಪಶುವೈದ್ಯರ ಭೇಟಿ, ಸಾಲ, ಇವೆಲ್ಲ ಸಿಕ್ಕರೆ ಹಂದಿ ಸಾಕಾಣಿಕೆ ಮರ್ಯಾದೆಯ ಕಾಯಕವೇ. ಯಾವ ಕಾಯಕವೂ ಕೀಳಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು, ರಾತ್ರೋರಾತ್ರಿ ಒಬ್ಬರ ಬದುಕನ್ನು ಲಾರಿಯಲ್ಲಿ ತುಂಬಿ ಸಾಗಿಸುವಾಗ ಸುಮ್ಮನೆ ನಿಂತು ನೋಡಬಾರದು.

ದನಗಳ ಕಥೆಯೂ ಬೇರೆಯಲ್ಲ. ನಗರದ ಬಿಡಾಡಿ ದನಗಳಲ್ಲಿ ಬಹಳಷ್ಟಕ್ಕೆ ಒಡೆಯರಿದ್ದಾರೆ. ಬೆಳಿಗ್ಗೆ ಹಾಲು ಹಿಂಡಿಕೊಂಡು ಬಿಡುತ್ತಾರೆ, ಸಂಜೆ ಹಾಲಿನ ಹೊತ್ತಿಗೆ ಹುಡುಕಿಕೊಂಡು ಬರುತ್ತಾರೆ. ನಡುವೆ ಅದಕ್ಕೆ ಮೇವು ಕಸದ ತೊಟ್ಟಿ. ಒಂದು ಆಕಳ ಹೊಟ್ಟೆ ಕೊಯ್ದು ನಾನೇ 20 ಕಿಲೊಗೂ ಹೆಚ್ಚು ಪ್ಲಾಸ್ಟಿಕ್ ತೆಗೆದಿದ್ದೇನೆ. ಅದರಲ್ಲಿ ಕುಂಕುಮದ ಪೊಟ್ಟಣಗಳೂ ಗಂಟು ಕಟ್ಟಿದ ಅನ್ನದ ಚೀಲಗಳೂ ಇದ್ದವು. ಗೋಮಾತೆ ಎಂದು ಕೈಮುಗಿದವರೇ ಎಸೆದ ಚೀಲಗಳವು.

ಇಲ್ಲಿ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಹರಕೆ ಹೊತ್ತು ದೇವರ ಹೆಸರಿನಲ್ಲಿ ಹೋರಿ ಬಿಡುವ ಪದ್ಧತಿ ನಮ್ಮವರಲ್ಲಿ ಇನ್ನೂ ಇದೆ. ಹೊಲ, ಹುಲ್ಲುಗಾವಲು ಇದ್ದ ಕಾಲದಲ್ಲಿ ಊರೇ ಆ ಹೋರಿಯನ್ನು ಮೇಯಿಸುತ್ತಿತ್ತು, ಊರ ಆಕಳುಗಳಿಗೆ ತಳಿಯೂ ಸಿಗುತ್ತಿತ್ತು. ಇಂದು ಅದನ್ನು ನಗರದ ರಸ್ತೆಗೆ ಬಿಡುವುದು ಭಕ್ತಿಯಲ್ಲ. ಹೋರಿ ಡಾಂಬರಿನ ಮೇಲೆ ಮಲಗುತ್ತದೆ, ರಾತ್ರಿ ಬೈಕಿನ ಹುಡುಗ ಅದಕ್ಕೆ ಡಿಕ್ಕಿ ಹೊಡೆಯುತ್ತಾನೆ. ಅಲ್ಲಿ ಎರಡು ಜೀವ ಹೋಗುತ್ತವೆ, ಹರಕೆ ಯಾರಿಗೆ ಸಂದಿತು? ಇಷ್ಟಲಿಂಗ ಕಟ್ಟಿಕೊಂಡವನಿಗೆ ಹರಕೆಯ ಹೋರಿ ಬೇಕಿಲ್ಲ ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ತಿಳಿಸಿದ್ದಾರೆ.

ಜಾತ್ರೆ, ಪುಣ್ಯಸ್ಮರಣೆಯ ಮಾರನೆಯ ದಿನ ಮಹಾಪ್ರಸಾದದ ಎಂಜಲೆಲೆಗಳ ರಾಶಿ ಎಲ್ಲಿ ಬೀಳುತ್ತದೆ ಎಂದು ನೋಡಿ. ಅನೇಕ ಕಡೆ ಅದು ಹಿತ್ತಲ ಗೋಡೆಯ ಆಚೆ. ಅಲ್ಲಿ ನಾಯಿ, ಹಂದಿ, ದನ ಸೇರುತ್ತವೆ. ಜಾತ್ರೆ ಮುಗಿದು ಅನ್ನ ನಿಂತ ಮೇಲೆ ಆ ಹಿಂಡು ಪಕ್ಕದ ಓಣಿಗೆ ನುಗ್ಗುತ್ತದೆ. ಎಲೆಗಳನ್ನು ಗುಂಡಿಯಲ್ಲಿ ಗೊಬ್ಬರ ಮಾಡುವುದು ಕಷ್ಟದ ಕೆಲಸವಲ್ಲ, ಮಠದ ತೋಟಕ್ಕೇ ಅದು ಬರುತ್ತದೆ. ಹಾಗೆಯೇ ಗೋಶಾಲೆ ತೆರೆಯುವ ಉತ್ಸಾಹಿಗಳಿಗೆ ಒಂದು ಲೆಕ್ಕ: ಬೆಳೆದ ಒಂದು ಆಕಳಿಗೆ ದಿನಕ್ಕೆ 15ರಿಂದ 20 ಕಿಲೊ ಹಸಿಮೇವು, 5–6 ಕಿಲೊ ಒಣಮೇವು ಬೇಕು. ಬೇಸಿಗೆಯಲ್ಲೂ ಅಷ್ಟು ಕೊಡಲು ಆಗುವಷ್ಟು ದನಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಫೋಟೊ ತೆಗೆಸಿಕೊಂಡ ನಂತರ ಹಸಿವಿನಿಂದ ಸಾಯುವ ದನಕ್ಕಿಂತ ಕೊಟ್ಟಿಗೆಯೇ ಇಲ್ಲದಿರುವುದು ಮೇಲು.

ಗಿಳಿಯ ಮಾತೂ ಒಂದಿದೆ. ನಮ್ಮ ಅನೇಕ ಮನೆಗಳ ಪಡಸಾಲೆಯಲ್ಲಿ ಪಂಜರದ ಗಿಳಿ ಇದೆ. ನಮ್ಮ ಕಾಡಿನ, ತೋಟದ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಕ್ಷತ್ರ ಆಮೆಯೂ ಹಾಗೆಯೇ. ಅದೃಷ್ಟ ತರುತ್ತದೆಂದು ಆಮೆ ಕೊಳ್ಳುವವರು, ಗಿಳಿಶಾಸ್ತ್ರ ಕೇಳುವವರು ಇದನ್ನು ತಿಳಿಯಬೇಕು. ಪಂಜರದೊಳಗಿನ ಜೀವಕ್ಕೆ ದ್ರಾಕ್ಷಿ ಕೊಡುವುದು ದಯೆ ಎನಿಸಿಕೊಳ್ಳುವುದಿಲ್ಲ.

ಹಾಗಾದರೆ ನಗರದಲ್ಲಿ ಎಂಥ ನಿಯಮ ಬೇಕು? ನನ್ನ ಅನುಭವಕ್ಕೆ ತೋಚಿದ್ದನ್ನು ಹೇಳುತ್ತೇನೆ.

ಸಾಕುನಾಯಿಗೆ ಪರವಾನಗಿ ಇರಲಿ, ಆದರೆ ಅದು ವಾರ್ಡಿನಲ್ಲೇ, ಕಡಿಮೆ ಶುಲ್ಕದಲ್ಲಿ, ರೇಬೀಸ್ ಲಸಿಕೆಯ ಜೊತೆಗೇ ಸಿಗಲಿ. ಚೀಟಿ ಬೇಕೆಂದು ಬಂದವರ ನಾಯಿಗೆ ಅಲ್ಲೇ ಸೂಜಿ ಬೀಳಬೇಕು. ಶುಲ್ಕ ಏರಿಸಿದರೆ ಬಡವರು ನಾಯಿಯನ್ನು ಬಚ್ಚಿಡುತ್ತಾರೆ, ಲಸಿಕೆ ತಪ್ಪುತ್ತದೆ. ಮನೆಗೆ ಇಷ್ಟೇ ನಾಯಿ ಎಂಬ ಲೆಕ್ಕಕ್ಕಿಂತ, ಹೇಗೆ ಸಾಕಿದ್ದಾರೆ ಎಂಬ ತಪಾಸಣೆ ಇರಲಿ. ಹಗಲಿಡೀ ಬಾಲ್ಕನಿಯಲ್ಲಿ ಕಟ್ಟಿದ ಒಂದು ನಾಯಿ, ಅಂಗಳದಲ್ಲಿ ಚೆನ್ನಾಗಿ ಸಾಕಿದ ಮೂರು ನಾಯಿಗಿಂತ ಹೆಚ್ಚು ಕಷ್ಟಪಡುತ್ತದೆ, ಹೆಚ್ಚು ಕಷ್ಟ ಕೊಡುತ್ತದೆ. ಬೀದಿಗೆ ಕರೆದೊಯ್ಯುವಾಗ ಬಳ್ಳಿ ಕೈಯಲ್ಲಿರಲಿ, ಹೇಸಿಗೆ ತೆಗೆಯುವ ಚೀಲ ಜೇಬಿನಲ್ಲಿರಲಿ. ಆ ಹೇಸಿಗೆಯನ್ನು ಪೌರಕಾರ್ಮಿಕರ ಪಾಲಿಗೆ ಬಿಡುವವರು ಬಸವಜಯಂತಿಯ ಮೆರವಣಿಗೆಯಲ್ಲಿ ಸಮಾನತೆಯ ಘೋಷಣೆ ಕೂಗುವ ಮೊದಲು ಒಮ್ಮೆ ಹಿಂದಿರುಗಿ ನೋಡಲಿ.

ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದಕ್ಕೆ ಈ ಕಾಲಕ್ಕೆ ತಕ್ಕ ದಂಡ ಬರಲಿ. ದನ ಸಾಕುವವರಿಗೆ ಕೇವಲ ದಂಡ ಹಾಕದೆ, ನಗರದ ಅಂಚಿನಲ್ಲಿ ಬಾಡಿಗೆಯ ಸಾಮೂಹಿಕ ಕೊಟ್ಟಿಗೆ ಕಟ್ಟಿಕೊಡಲಿ. ಹಂದಿ ಸಾಕುವವರಿಗೂ ಅದೇ ನ್ಯಾಯ. ನಿಯಮ ಮಾಡುವ ಸಭೆಯಲ್ಲಿ ಪೌರಕಾರ್ಮಿಕರು, ಕೂಲಿ ಶೆಡ್ಡಿನವರು, ದನ ಹಂದಿ ಸಾಕುವವರು ಕುಳಿತು ಮಾತನಾಡಲಿ. ಎಲ್ಲ ಕಾಯಕದವರೂ ಒಂದೇ ನೆಲದ ಮೇಲೆ ಕುಳಿತು ಚರ್ಚಿಸಿದ ಅನುಭವ ಮಂಟಪದ ಹೆಸರು ಹೇಳುವ ನಮಗೆ ಇದು ಹೊಸ ಪಾಠವಲ್ಲ. ಎಲ್ಲಕ್ಕಿಂತ ಮೊದಲು, ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆಯೂ ಇಮ್ಯುನೊಗ್ಲೋಬ್ಯುಲಿನ್ನೂ ಸದಾ ಇರಲಿ. ಕಚ್ಚಿಸಿಕೊಂಡ ಮಗುವನ್ನು ಎತ್ತಿಕೊಂಡು ಊರು ತಿರುಗುವ ಗತಿ ಯಾವ ತಾಯಿಗೂ ಬಾರದಿರಲಿ.

ಮಠಗಳು ಇದರಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ. ತಿಂಗಳ ಶಿವಾನುಭವ ಗೋಷ್ಠಿಯ ದಿನವೇ ಅಂಗಳದಲ್ಲಿ ಒಂದು ಲಸಿಕಾ ಶಿಬಿರ ನಡೆಸಬಹುದು. ನಮ್ಮ ಶಾಲೆಗಳಲ್ಲಿ ನಾಯಿ ಕಚ್ಚಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಕಲಿಸಬಹುದು. ನನ್ನಂಥ ನಿವೃತ್ತ ಪಶುವೈದ್ಯರು ಪ್ರತಿ ಊರಿನಲ್ಲೂ ಇದ್ದಾರೆ. ಕರೆದರೆ ಬರುತ್ತೇವೆ, ಕೈಯಲ್ಲಿ ಇನ್ನೂ ಕಸುವಿದೆ.

ಹನ್ನೊಂದನೆಯ ದಿನ ಕರಿಯಾ ಎಂದಿನಂತೆ ಬಾಲ ಅಲ್ಲಾಡಿಸುತ್ತ ರೊಟ್ಟಿಗೆ ಕಾದು ನಿಂತಿತ್ತು. ಅಂದೇ ಲಸಿಕೆ ಹಾಕಿದೆ. ಅದೇ ತಿಂಗಳು ಶಸ್ತ್ರಚಿಕಿತ್ಸೆಯೂ ಆಯಿತು. ಈಗ ಅದರ ಊಟದ ಜಾಗ ಖಾಲಿ ನಿವೇಶನದ ಹಿಂದಿನ ಮೂಲೆ, ಹೊತ್ತು ರಾತ್ರಿ ಒಂಬತ್ತು. ನಮ್ಮ ರಸ್ತೆಯ ಇನ್ನೂ ಐದು ನಾಯಿಗಳಿಗೆ ಲಸಿಕೆಯಾಗಿದೆ. ಎರಡು ಇನ್ನೂ ಕೈಗೆ ಸಿಕ್ಕಿಲ್ಲ.

28ನೆಯ ದಿನದ ಸೂಜಿಗೆ ಹುಡುಗನನ್ನು ನಾನೇ ಸ್ಕೂಟರಿನಲ್ಲಿ ಕರೆದೊಯ್ದೆ. ಬರುವಾಗ ಅವನು, “ಅಜ್ಜಾ, ಕರಿಯಾ ಈಗ ಯಾರದು?” ಎಂದು ಕೇಳಿದ.

“ನಂದ ಐತಿ ತಮ್ಮಾ” ಎಂದೆ. ಈ ಸಲ ಉತ್ತರ ಹುಡುಕಬೇಕಾಗಲಿಲ್ಲ.